ಚಿತ್ರಕ್ಕೊಂದು ಕ್ರಾಪು

ನಮ್ಮ ಹಿರಿಯರ ಕಾಲದಲ್ಲಿ ‘ಕ್ರಾಪು’ ಎಂದರೆ ತಲೆಗೂದಲಿಗೆ ಸಂಬಂಧಿಸಿದ ಮಾತು. ಜುಟ್ಟು ತೆಗೆಸಿ ಕ್ರಾಪು ಬಿಡಿಸಿಕೊಂಡು ಬಂದ ಹುಡುಗ ಅಜ್ಜನ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಮನೆ ಸೇರಬೇಕಾಗುತ್ತಿತ್ತೆಂದು ಕೇಳಿದ್ದೇನೆ. ಛಾಯಾಚಿತ್ರಗಾರರಲ್ಲಿಯೂ ಇದೇ ಮಾತು ಬಳಕೆಯಲ್ಲಿದೆ. ತೆಗೆದ ಚಿತ್ರದ ಅಂಚಿನಲ್ಲಿ ಬೇಡವಾದುದನ್ನು ಕತ್ತರಿಸಿ, ಬೇಕಾದುದನ್ನು ಮಾತ್ರ ಉಳಿಸಿಕೊಳ್ಳುವುದು ಅವರ ಕ್ರಾಪು. ಕತ್ತರಿ ಎಲ್ಲಿ ನಿಲ್ಲಬೇಕೆಂಬ ಅರಿವು ಎರಡಕ್ಕೂ ಬೇಕು. ಆದರೆ ಕೂದಲು ಮತ್ತೆ ಬೆಳೆಯುತ್ತದೆ. ಅಚ್ಚಾದ ಚಿತ್ರದಲ್ಲಿ ಹೋದದ್ದು ಹೋದದ್ದೇ.

ನಮ್ಮ ಸೀಮೆ ರೈಲಿನ ಚಿತ್ರಗಳಿಗೆ ಹೇಳಿ ಮಾಡಿಸಿದಂತಿದೆ. ಕಡೂರನ್ನು ದಾಟಿದ ಹಳಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರದ ಮೇಲೆ ಚಿಕ್ಕಜಾಜೂರು, ದಾವಣಗೆರೆ, ಹುಬ್ಬಳ್ಳಿಗಳತ್ತ ಹೋಗುತ್ತದೆ. ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. 2013ರಿಂದ ಕಡೂರಿಗೂ ಚಿಕ್ಕಮಗಳೂರಿಗೂ ಹಳಿಯ ನಂಟು ಕೂಡಿದೆ. ಒಂದು ಮೀಟರ್ ಅಗಲದ ಹಳೆಯ ಹಳಿ 1990ರ ದಶಕದಲ್ಲಿ ಅಗಲಗೊಂಡಿತು. ಈಚೆಗೆ ಅದರ ಮೇಲೆ ವಿದ್ಯುತ್ತಿನ ತಂತಿಯೂ ಬಂದಿತು. ಹಳಿ ಒಂದೇ ಆದರೂ ನೋಟ ಒಂದೇ ಅಲ್ಲ. ಅಮೃತಮಹಲ್ ದನಗಳ ತಳಿಯನ್ನು ಕಾಪಾಡುತ್ತ ಬಂದ ಅಜ್ಜಂಪುರದ ಕಡೆ ಬಯಲು ಉದ್ದಕ್ಕೆ ಚಾಚಿದೆ. ಅಲ್ಲಿ ತೆಗೆದ ಚಿತ್ರದಲ್ಲಿ ಮೇಲಿನ ಬರಿಯ ಆಕಾಶವನ್ನೂ ಕೆಳಗಿನ ಬರಿಯ ನೆಲವನ್ನೂ ತೆಗೆದರೆ ಬಂಡಿಯ ಉದ್ದ ಎದ್ದು ಕಾಣುತ್ತದೆ. ತರೀಕೆರೆಯ ಕಡೆ ಅಡಿಕೆಯ ಮರವೂ ಅದರ ಹಿಂದಿನ ಬೆಟ್ಟವೂ ಮೇಲಕ್ಕೇ ನೋಡು ಎನ್ನುತ್ತವೆ. ಅಲ್ಲಿ ನಿಲುವಿನ ಚೌಕಟ್ಟು ಒಪ್ಪುತ್ತದೆ.

ಈ ತಿಳಿವಳಿಕೆಯ ಬಲದಿಂದಲೇ ನಾನು ಒಮ್ಮೆ ಎಡವಿದೆನು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಬ್ಬ ವಿದ್ಯಾರ್ಥಿನಿ ಒಂದು ಚಿತ್ರವನ್ನು ತಂದುಕೊಟ್ಟಳು. ತರೀಕೆರೆಯ ಹತ್ತಿರದ ರೈಲ್ವೆ ಗೇಟಿನಲ್ಲಿ ತೆಗೆದದ್ದು. ಬಂಡಿ ಎಡಗಡೆಗೆ ಸಾಗುತ್ತಿದೆ; ಎಂಜಿನ್ನಿನ ಮುಂದೆ ಸ್ವಲ್ಪ ಜಾಗವಿದೆ; ಹಿಂದೆ ತೋಟ, ಮೇಲೆ ಬೆಟ್ಟ. ಬಲಗಡೆ ಮಾತ್ರ ಗೊಂದಲ: ಗೇಟಿನ ಗೂಡು, ಯಾರೋ ನಿಲ್ಲಿಸಿದ ಮೋಟಾರು ಸೈಕಲ್ಲಿನ ಅರ್ಧ, ಹಸಿರು ಬಾವುಟ ಹಿಡಿದು ನಿಂತ ಒಬ್ಬ ಮನುಷ್ಯ.

ಪಾಠ ಹೇಳುವವನಿಗೆ ಇಂಥದೊಂದು ಚಿತ್ರ ಸಿಕ್ಕರೆ ಸುಮ್ಮನಿರಲಾದೀತೆ? ರಟ್ಟಿನಲ್ಲಿ ಎರಡು ಮೂಲೆಮಟ್ಟಗಳನ್ನು ಕತ್ತರಿಸಿ ಚಿತ್ರದ ಮೇಲೆ ಎದುರುಬದುರಾಗಿ ಇಟ್ಟೆನು. ಅವನ್ನು ಹಿಂದೆಮುಂದೆ ಸರಿಸಿದಂತೆಲ್ಲ ಚೌಕಟ್ಟು ಕಿರಿದೋ ಹಿರಿದೋ ಆಗುತ್ತದೆ. ಕತ್ತರಿ ಆಡಿಸುವ ಮೊದಲೇ ಫಲ ಕಣ್ಣಿಗೆ ಕಾಣುತ್ತದೆ. ಸೂತ್ರಗಳನ್ನೂ ಹೇಳಿದೆನು: ಚಲಿಸುವ ಬಂಡಿಯ ಮುಂದೆ ಅದು ಸಾಗಲು ಜಾಗ ಬಿಡಬೇಕು, ಅಂಚಿನಲ್ಲಿ ಅರೆಬರೆಯಾದ ವಸ್ತು ಉಳಿಯಬಾರದು, ನೆಲ ಓರೆಯಾಗಿದ್ದರೆ ಮೊದಲು ನೆಟ್ಟಗೆ ಮಾಡಬೇಕು, ಹೆಚ್ಚು ಕತ್ತರಿಸಿದಷ್ಟೂ ಉಳಿದದ್ದು ತೆಳುವಾಗುತ್ತದೆ. ಆ ಚಿತ್ರದ ಅಗಲ 6000 ಚುಕ್ಕೆ, ಎತ್ತರ 4000. ನಾನು ಉಳಿಸಿದ್ದು 2000 ಅಗಲ, 3000 ಎತ್ತರದ ಭಾಗ. ಅಂಗುಲಕ್ಕೆ 300 ಚುಕ್ಕೆಯಂತೆ ಅಚ್ಚುಮಾಡಿದರೆ 10 ಅಂಗುಲ ಎತ್ತರ, ಮುಖಪುಟಕ್ಕೆ ಸಾಕು. ಎಂಜಿನ್ನು, ಅಡಿಕೆ, ಬೆಟ್ಟ. ಚಿತ್ರ ನಿಜಕ್ಕೂ ಸುಂದರವಾಯಿತು.

ಅದರ ಸಮರ್ಥನೆಗೆ ಸಾಹಿತ್ಯವನ್ನೂ ಕರೆತಂದೆನು. ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧನಾದ ಲಕ್ಷ್ಮೀಶನು ಭಾರತವನ್ನೆಲ್ಲ ಬಿಟ್ಟು ಅಶ್ವಮೇಧದ ಕಥೆಯೊಂದನ್ನೇ ಆರಿಸಿಕೊಂಡನು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದನು. ರನ್ನನಂತೂ ಭೀಮ ದುರ್ಯೋಧನರ ಗದಾಯುದ್ಧವನ್ನೇ ಚೌಕಟ್ಟಿನ ನಡುವೆ ನಿಲ್ಲಿಸಿದನು. ದೊಡ್ಡ ಕವಿಗಳು ದೊಡ್ಡ ಕತ್ತರಿಗಾರರೂ ಹೌದು ಎಂದೆನು. ಹುಡುಗಿ ತಲೆಯಾಡಿಸಿ ಹೋದಳು.

ಮರುದಿನ ಅವಳು ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. “ಸರ್, ತಪ್ಪು ತಿಳಿಯಬೇಡಿ. ಬಲಗಡೆ ಬಾವುಟ ಹಿಡಿದು ನಿಂತಿದ್ದವರು ನಮ್ಮಪ್ಪ. ಆ ಗೇಟು ತೆಗೆದು ಕೆಳಸೇತುವೆ ಮಾಡುತ್ತಾರಂತೆ. ಅದಕ್ಕೇ ಅವರ ಚಿತ್ರ ತೆಗೆಯಬೇಕೆಂದು ಹೋಗಿದ್ದೆ. ಅಷ್ಟರಲ್ಲಿ ರೈಲು ಬಂತು.”

ನನಗೆ ಉತ್ತರ ತೋಚಲಿಲ್ಲ. ಸೂತ್ರಗಳಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ‘ಇದು ಯಾರ ಚಿತ್ರ?’ ಎಂಬ ಮೊದಲ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. ರನ್ನನ ಹೆಸರನ್ನೂ ಅರ್ಧಕ್ಕೇ ಹೇಳಿದ್ದೆನು. ಅವನು ಕೈಬಿಟ್ಟ ಭಾರತವು ಕಾವ್ಯದಿಂದ ಮಾಯವಾಗುವುದಿಲ್ಲ. ಸಿಂಹಾವಲೋಕನದಿಂದ ಹಿಂದಿನ ಕಥೆಯೆಲ್ಲ ಆ ಒಂದು ಯುದ್ಧದೊಳಗೆ ಕೇಳಿಸುತ್ತದೆ. ಅವನಿಗೆ ತನ್ನ ವಸ್ತು ಯಾವುದೆಂದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಫ್ರಾನ್ಸಿನ ಆನ್ರಿ ಕಾರ್ಟಿಯೆ ಬ್ರೆಸಾಂ ಎಂಬ ಛಾಯಾಚಿತ್ರಗಾರನು ಕತ್ತರಿಗೆ ವಿರೋಧಿ. ಚೌಕಟ್ಟು ಕ್ಯಾಮೆರಾದೊಳಗೇ ಪೂರ್ಣವಾಗಬೇಕೆಂಬುದು ಅವನ ಮತ. ಅಂಥವನೂ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಬದಿಯಲ್ಲಿ ಬೇಲಿಯ ಸಂದಿನಿಂದ ತೆಗೆದ ಚಿತ್ರವನ್ನು ಕತ್ತರಿಸಬೇಕಾಯಿತು. ನೀರಿನ ಮೇಲೆ ಹಾರುವ ಮನುಷ್ಯನ ಆ ಪ್ರಸಿದ್ಧ ಚಿತ್ರದ ಒಂದು ಪಕ್ಕವನ್ನು ಬೇಲಿಯ ಹಲಗೆ ಮುಚ್ಚಿತ್ತು. ಅವನು ಹಲಗೆಯನ್ನು ಕತ್ತರಿಸಿದನು. ನಾನು ಮನುಷ್ಯನನ್ನೇ ಕತ್ತರಿಸಿದ್ದೆನು.

ಅದೃಷ್ಟಕ್ಕೆ ಮೂಲಚಿತ್ರ ಹಾಗೆಯೇ ಇತ್ತು. ರಟ್ಟಿನ ಮೂಲೆಗಳನ್ನು ಅವಳ ಕೈಗೆ ಕೊಟ್ಟು ನಾನು ಪಕ್ಕದಲ್ಲಿ ಕುಳಿತೆನು. ಅವಳು ಮೇಲಿನಿಂದ ತಂತಿಗಳನ್ನೂ ಆಕಾಶವನ್ನೂ ತೆಗೆದಳು. ಅದರೊಂದಿಗೆ ನನಗೆ ಬಲು ಪ್ರಿಯವಾಗಿದ್ದ ಬೆಟ್ಟದ ನೆತ್ತಿಯೂ ಹೋಯಿತು. ಕೆಳಗಿನಿಂದ ರಸ್ತೆ ಹೋಯಿತು. ಬಲದ ಅಂಚಿನಲ್ಲಿ ಮೋಟಾರು ಸೈಕಲ್ಲು ಹೋಗಿ ಗೂಡಿನ ಬಾಗಿಲು ಉಳಿಯಿತು. ಉದ್ದನೆಯ ಪಟ್ಟಿಯಂಥ ಚಿತ್ರ: ಎಡದ ಕೊನೆಯಲ್ಲಿ ಎಂಜಿನ್ನು, ಬಲದ ಕೊನೆಯಲ್ಲಿ ಬಾವುಟ ಹಿಡಿದ ತಂದೆ, ಇಬ್ಬರ ನಡುವೆ ಇಡೀ ಬಂಡಿ. ದಿನವೂ ಅಷ್ಟು ಜನ ಆತನ ಮುಂದೆ ಹಾದುಹೋದರೂ ಅವರಲ್ಲಿ ಯಾರೊಬ್ಬರೂ ಇಳಿದು ಮಾತನಾಡಿಸಿರಲಾರರೆಂಬುದು ಆಗ ನನಗೆ ಹೊಳೆಯಿತು. ಮೊದಲನೆಯ ಕತ್ತರಿಕೆ ಬಂಡಿಯನ್ನು ಚೆಲುವಾಗಿಸಿತ್ತು. ಎರಡನೆಯದು ಅದಕ್ಕೆ ಅರ್ಥ ಕೊಟ್ಟಿತು.

ಪಟ್ಟಿಯಂಥ ಚಿತ್ರ ಮುಖಪುಟವನ್ನು ತುಂಬಲಿಲ್ಲ. ಸಂಚಿಕೆಯ ಹೆಸರಿನ ಕೆಳಗೆ ಅಡ್ಡಲಾಗಿ ಹಾಕಿ, ಉಳಿದ ಕಾಗದವನ್ನು ಬರಿದಾಗಿಯೇ ಬಿಟ್ಟೆವು.

ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಕೆಂಪು ಶಾಯಿಯಿಂದ ಸಾಲುಗಳನ್ನು ಹೊಡೆದುಹಾಕುವುದು ನನ್ನ ವೃತ್ತಿಯ ಭಾಗ. ಈಗಲೂ ಹೊಡೆದುಹಾಕುತ್ತೇನೆ. ಆದರೆ ಅಂಚಿನಲ್ಲಿ ಒಂಟಿಯಾಗಿ ನಿಂತ ವಾಕ್ಯವೊಂದು ಕಂಡರೆ, ಬರೆದವರನ್ನು ಕರೆದು, “ಇದು ಯಾರಪ್ಪಾ?” ಎಂದು ಒಮ್ಮೆ ಕೇಳುತ್ತೇನೆ.