ದಾಸೋಹದ ನೆಲದಲ್ಲಿ ಎಂಜಿನಿಯರಿಂಗ್ ಕಾಲೇಜು

ಬೆಂಗಳೂರಿನಿಂದ ಬಿ.ಎಚ್. ರಸ್ತೆ ಹಿಡಿದು ಹೊರಟರೆ ತುಮಕೂರಿಗೆ ಮೊದಲು ಸಿಗುವುದು ಕ್ಯಾತ್ಸಂದ್ರ. ತಟ್ಟೆ ಇಡ್ಲಿಗೆ ಹೆಸರಾದ ಈ ಊರಿನಿಂದ ಒಳಕ್ಕೆ ತಿರುಗಿದರೆ ಬೆಟ್ಟದ ಬುಡದಲ್ಲಿ ಸಿದ್ಧಗಂಗಾ ಮಠ. ತಿರುಗದೆ ನೇರ ಹೋದರೆ ನಗರದೊಳಗೆ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಊರವರ ಬಾಯಲ್ಲಿ ಎಸ್‌ಐಟಿ. ಒಂದು ಅನ್ನ ದಾಸೋಹಕ್ಕೆ ಹೆಸರಾದ ಜಾಗ, ಇನ್ನೊಂದು ಎಂಜಿನಿಯರುಗಳನ್ನು ತಯಾರು ಮಾಡುವ ಜಾಗ. ಆ ಮಠವನ್ನು ಬೆಳೆಸಿದವರೂ ಈ ಕಾಲೇಜನ್ನು ಸ್ಥಾಪಿಸಿದವರೂ ಒಬ್ಬರೇ: ನಾಡು ‘ನಡೆದಾಡುವ ದೇವರು’ ಎಂದು ಕರೆದ ಡಾ. ಶಿವಕುಮಾರ ಸ್ವಾಮೀಜಿ.

ಕಾವಿ ತೊಟ್ಟವರಿಗೆ ಎಂಜಿನಿಯರಿಂಗ್ ಕಾಲೇಜು ಏಕೆ ಬೇಕಾಯಿತು? ಉತ್ತರ ಶ್ರೀಗಳ ಬಾಲ್ಯದಲ್ಲೇ ಇದೆ. 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಣ್ಣ, ಹೊನ್ನೇಗೌಡ–ಗಂಗಮ್ಮ ದಂಪತಿಯ ಮಗ. ಓದಿಗಾಗಿ ಊರು ಬಿಟ್ಟು ನಾಗವಲ್ಲಿಗೆ, ಅಲ್ಲಿಂದ ಸಿದ್ಧಗಂಗೆಯ ಆಸರೆಗೆ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದರು. ಅಲ್ಲಿ ಭೌತವಿಜ್ಞಾನ ಮತ್ತು ಗಣಿತ ಅವರ ಪಾಠದಲ್ಲಿದ್ದವು. 1930ರಲ್ಲಿ ಮಠದ ಉತ್ತರಾಧಿಕಾರಿಯಾಗಿದ್ದ ಮರುಳಾರಾಧ್ಯರು ಲಿಂಗೈಕ್ಯರಾದಾಗ ಮಠಾಧಿಪತಿ ಉದ್ಧಾನ ಶಿವಯೋಗಿಗಳ ಕಣ್ಣು ಬಿದ್ದದ್ದು ಈ ವಿದ್ಯಾರ್ಥಿಯ ಮೇಲೆ. ಅದೇ ವರ್ಷ ಶಿವಣ್ಣ ಶಿವಕುಮಾರ ಸ್ವಾಮೀಜಿಯಾದರು. 1941ರಲ್ಲಿ ಹಿರಿಯ ಶ್ರೀಗಳು ಲಿಂಗೈಕ್ಯರಾದ ಮೇಲೆ ಮಠದ ಪೂರ್ತಿ ಹೊಣೆ ಅವರ ಹೆಗಲಿಗೇ ಬಂತು.

ಹಳ್ಳಿಯ ಹುಡುಗನ ಓದು ನಿಲ್ಲುವುದು ಬುದ್ಧಿ ಸಾಲದೆ ಅಲ್ಲ, ಉಳಿಯಲು ಸೂರು, ಉಣ್ಣಲು ಅನ್ನ ಇಲ್ಲದೆ. ಇದನ್ನು ಶ್ರೀಗಳು ಸ್ವತಃ ಬದುಕಿ ಅರಿತಿದ್ದರು. ಹಾಗಾಗಿ ಮಠದಲ್ಲಿ ಮೊದಲು ಗಟ್ಟಿಯಾದದ್ದು ಅಡುಗೆಮನೆ ಮತ್ತು ವಿದ್ಯಾರ್ಥಿನಿಲಯ. ಇಂದಿಗೂ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಶಾಲೆ ಎಲ್ಲವೂ ಉಚಿತ. ದೊಡ್ಡ ಕೊಪ್ಪರಿಗೆಗಳಲ್ಲಿ ಸಾರು ಕುದಿಯುತ್ತದೆ, ಸಾಲಾಗಿ ಕೂತ ಮಕ್ಕಳ ತಟ್ಟೆಗೆ ಬಿಸಿ ಮುದ್ದೆ ಬೀಳುತ್ತದೆ. ಆ ರಾಗಿ, ಆ ತೆಂಗಿನಕಾಯಿ ಸುಗ್ಗಿ ಮುಗಿಸಿದ ರೈತರು ಭಕ್ತಿಯಿಂದ ತಂದು ಒಪ್ಪಿಸಿದ್ದು. ಈ ನೆಲದಲ್ಲಿ 1917ರಲ್ಲೇ ಸಂಸ್ಕೃತ ಪಾಠಶಾಲೆ ಶುರುವಾಗಿತ್ತು. ಮುಂದೆ ಶ್ರೀಗಳ ಕಾಲದಲ್ಲಿ ಶಾಲೆಗಳು, ಕಾಲೇಜುಗಳು ಒಂದರ ಹಿಂದೊಂದು ಬಂದವು. ಉಂಡು ಓದಿ ಪಾಸಾದ ಹುಡುಗ ಮುಂದೆಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ಒಂದು, 1963ರ ಎಸ್‌ಐಟಿ.

ಆ ವರ್ಷದ ಮೈಸೂರು ರಾಜ್ಯವನ್ನು ನೆನಪಿಸಿಕೊಳ್ಳಬೇಕು. ಶರಾವತಿ ಯೋಜನೆಯ ಕೆಲಸ ನಡೆದಿತ್ತು. ಅಣೆಕಟ್ಟು, ವಿದ್ಯುತ್ ಕೇಂದ್ರ, ಕಾರ್ಖಾನೆ, ಎಲ್ಲಕ್ಕೂ ಎಂಜಿನಿಯರುಗಳು ಬೇಕಿತ್ತು. ಕಾಲೇಜುಗಳಿದ್ದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆಯಂಥ ಕೆಲವೇ ಊರುಗಳಲ್ಲಿ. 1960ರಲ್ಲಿ ಹಾಸನಕ್ಕೆ, 1962ರಲ್ಲಿ ಮಂಡ್ಯಕ್ಕೆ ಕಾಲೇಜು ಬಂತು. 1963ರಲ್ಲಿ ತುಮಕೂರಿನ ಎಸ್‌ಐಟಿ, ಸುತ್ತೂರು ಶ್ರೀಗಳ ಜೆಎಸ್‌ಎಸ್ ಸಂಸ್ಥೆಯಿಂದ ಮೈಸೂರಿನ ಎಸ್‌ಜೆಸಿಇ, ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, ಈ ಮೂರೂ ಒಂದೇ ವರ್ಷ ಹುಟ್ಟಿದವು. ಸರ್ಕಾರದ ಕೈ ತಲುಪದ ಕಡೆ ಮಠಗಳೂ ಸಂಘಗಳೂ ಮುಂದೆ ಬಂದ ಕಾಲ ಅದು. ಪಾವಗಡ, ಮಧುಗಿರಿ, ಶಿರಾದ ಮಳೆ ನಂಬಿದ ಮನೆಗಳ ಮಕ್ಕಳಿಗೆ ಎಂಜಿನಿಯರಿಂಗ್ ಓದು ಸ್ವಂತ ಜಿಲ್ಲೆಯಲ್ಲೇ ಸಿಗುವಂತಾದದ್ದು ಹೀಗೆ.

ಮಠಕ್ಕೆ ಯಂತ್ರ ಹೊರಗಿನದ್ದೆಂದು ಶ್ರೀಗಳು ಎಂದೂ ಭಾವಿಸಲಿಲ್ಲ. ಶಿವರಾತ್ರಿಯ ಹೊತ್ತಿಗೆ ನಡೆಯುವ ಸಿದ್ಧಗಂಗೆಯ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಒಂದು ಕಡೆ ದನಗಳ ಪರಿಷೆ, ಇನ್ನೊಂದು ಕಡೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ. ಎತ್ತು ಕೊಳ್ಳಲು ಬಂದ ರೈತ ಹೊಸ ಯಂತ್ರವನ್ನೂ ಮುಟ್ಟಿ ನೋಡಿ ಹೋಗುತ್ತಾನೆ.

ಕಾಲೇಜಿನ ವರ್ಕ್‌ಶಾಪ್‌ನಲ್ಲೂ ನಡೆಯುವುದು ಕೈಯಿಂದ ಮುಟ್ಟಿ ಕಲಿಯುವ ಕೆಲಸವೇ. ಮೊದಲ ವರ್ಷದ ವಿದ್ಯಾರ್ಥಿ ಕಬ್ಬಿಣದ ತುಂಡನ್ನು ವೈಸಿಗೆ ಬಿಗಿದು ಅರದಿಂದ ಉಜ್ಜುತ್ತಾನೆ, ಮಟ್ಟಗೋಲು ಇಟ್ಟು ಬೆಳಕಿಗೆ ಹಿಡಿದು ನೋಡುತ್ತಾನೆ, ಸಂದು ಕಂಡರೆ ಮತ್ತೆ ಉಜ್ಜುತ್ತಾನೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಹಳೆಯ ವಿಭಾಗಗಳ ಜೊತೆಗೆ ಎಲೆಕ್ಟ್ರಾನಿಕ್ಸ್, ಕೆಮಿಕಲ್, ಬಯೊಟೆಕ್ನಾಲಜಿ ವಿಭಾಗಗಳೂ ಇಲ್ಲಿವೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು, 2007ರಿಂದ ಸ್ವಾಯತ್ತ. ಪಠ್ಯ ರೂಪಿಸುವುದು, ಪರೀಕ್ಷೆ ನಡೆಸುವುದು ಕಾಲೇಜಿನದೇ ಜವಾಬ್ದಾರಿ, ಪದವಿ ಮಾತ್ರ ವಿಶ್ವವಿದ್ಯಾಲಯದ್ದು.

ಒಂದು ಮಾತು ಸ್ಪಷ್ಟವಿರಲಿ. ಮಠದ ಶಾಲೆಯಂತೆ ಎಸ್‌ಐಟಿ ಉಚಿತವಲ್ಲ. ಇಲ್ಲಿ ಶುಲ್ಕವಿದೆ, ಸಿಇಟಿ ರ‍್ಯಾಂಕಿನ ಪೈಪೋಟಿ ಇದೆ, ಆಡಳಿತ ಮಂಡಳಿಯ ಸೀಟುಗಳೂ ಇವೆ. ಲ್ಯಾಬು, ಯಂತ್ರ, ಅಧ್ಯಾಪಕರ ಸಂಬಳ ಕಾಣಿಕೆಯ ರಾಗಿಯಿಂದ ನಡೆಯುವಂಥದ್ದಲ್ಲ. ಆದರೆ ಇಂಥ ಕಾಲೇಜಿನ ಬೇರು ದಾಸೋಹದಲ್ಲಿದೆ ಎನ್ನುವುದು ಅದರ ಮೇಲೆ ಹೆಚ್ಚಿನ ಹೊಣೆಯನ್ನೇ ಹೊರಿಸುತ್ತದೆ.

2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಶ್ರೀಗಳು ಲಿಂಗೈಕ್ಯರಾದರು. ಈಗ ಸಿದ್ಧಲಿಂಗ ಸ್ವಾಮೀಜಿ ಆ ಪರಂಪರೆಯನ್ನು ಮುನ್ನಡೆಸುತ್ತಿದ್ದಾರೆ. ಜಿಲ್ಲೆಯೂ ಬದಲಾಗಿದೆ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಎಂಜಿನಿಯರಿಂಗ್ ಸೀಟುಗಳಿಗೂ ರಾಜ್ಯದಲ್ಲಿ ಈಗ ಬರವಿಲ್ಲ. ಹೀಗಿರುವಾಗ ಎಸ್‌ಐಟಿಯನ್ನು ಅಳೆಯಬೇಕಾದದ್ದು ಕ್ಯಾಂಪಸ್ ಆಯ್ಕೆಯ ಸಂಬಳದ ಮೊತ್ತದಿಂದಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗ, ಹುಡುಗಿಯರು ಎಷ್ಟು ಮಂದಿ ಇಲ್ಲಿಂದ ಎಂಜಿನಿಯರಾಗಿ ಹೊರಬಂದರು ಎನ್ನುವುದರಿಂದ. ಸ್ಥಾಪಕರು ಅನ್ನವನ್ನು ಅಳೆದದ್ದೂ ಅದೇ ಮಾನದಿಂದ: ಹಸಿದವನಿಗೆ ತಲುಪಿತೇ ಎಂದು.