‘ಏಕೆ?’ ಎಂಬುದಕ್ಕಿಂತ ಮೊದಲು

ಕುಡಿತದಿಂದ ನೊಂದವರು ನೆರವು ಬಯಸಿ ಬಂದಾಗ ‘ಏಕೆ ಹೀಗಾಯಿತು?’ ಎಂದೇ ನಾವು ಮೊದಲು ಕೇಳುತ್ತೇವೆ. ತತ್ತ್ವಶಾಸ್ತ್ರ ಓದಿದ ನಮಗೆ ಕಾರಣವನ್ನು ಅರಸುವುದು ಅಭ್ಯಾಸ. ಆದರೆ ನೊಂದವರಿಗೆ ಅದು ಆರೋಪದಂತೆ ಕೇಳಿಸುತ್ತದೆ.

ಅಮೆರಿಕದ ಮಿಲ್ವಾಕಿ ನಗರದಲ್ಲಿ 1978ರಲ್ಲಿ ಆಪ್ತಸಲಹಾ ಕೇಂದ್ರವೊಂದನ್ನು ಸ್ಥಾಪಿಸಿದ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ ಬೇರೊಂದು ಮಾರ್ಗ ತೋರಿದರು. ಕುಡಿಯದೆ ಕಳೆದ ಸಂಜೆ ಯಾವುದು, ಅಂದು ಅದು ಹೇಗೆ ಸಾಧ್ಯವಾಯಿತು ಎಂದು ಕೇಳುವುದು ಆ ಮಾರ್ಗದ ಕ್ರಮ. ‘ಇಂದು ನೀವು ನಿದ್ರಿಸುವಾಗ ಪವಾಡ ನಡೆದು ಈ ಕಷ್ಟ ನೀಗಿತೆನ್ನಿ, ಬೆಳಿಗ್ಗೆ ಅದು ನಿಮಗೆ ಯಾವುದರಿಂದ ತಿಳಿಯುವುದು?’ ಎಂಬುದು ಇನ್ನೊಂದು ಪ್ರಶ್ನೆ. ‘ಮಕ್ಕಳು ಹೆದರದೆ ಪಕ್ಕದಲ್ಲಿ ಕುಳಿತು ಉಣ್ಣುವರು’ ಎಂದರೆ ಗುರಿ ಕಂಡಂತಾಯಿತು.

ಸೊನ್ನೆಯಿಂದ ಹತ್ತರೊಳಗೆ ಇಂದು ಎಲ್ಲಿದ್ದೀರೆಂದು ಕೇಳಿ, ‘ಎರಡು’ ಎಂಬ ಉತ್ತರ ಬಂದರೆ, ‘ಸೊನ್ನೆಗೆ ಇಳಿಯದಂತೆ ತಡೆದುದು ಏನು?’ ಎಂದು ವಿಚಾರಿಸಬೇಕು. ಅವರಲ್ಲಿ ಉಳಿದಿರುವ ಬಲ ಅಲ್ಲಿ ಹೊರಬೀಳುತ್ತದೆ. ‘ಮೂರಕ್ಕೆ ಏರಿದರೆ ಏನು ಬದಲಾದೀತು?’ ಎಂಬುದು ಮುಂದಿನ ಹೆಜ್ಜೆ.

ನೋವನ್ನು ಪೂರ್ತಿಯಾಗಿ ಆಲಿಸದೆ ಕೇಳಿದರೆ ಇವು ಬರಿಯ ಯುಕ್ತಿಗಳಾದಾವು. ದೀರ್ಘಕಾಲ ಮಿತಿಮೀರಿ ಕುಡಿದವರು ಹಠಾತ್ತನೆ ನಿಲ್ಲಿಸುವುದು ಅಪಾಯಕರವಾದ್ದರಿಂದ ವೈದ್ಯರ ನೆರವೂ ಅಗತ್ಯ. ಉಪದೇಶಕ್ಕೆ ಆತುರಪಡುವ ನಾವು, ಮನೆಯಲ್ಲಾಗಲಿ ಗುರುನಿವಾಸದಲ್ಲಾಗಲಿ, ಇಂತಹದೊಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಮೌನವಾಗಿ ಕಾಯೋಣ.