ಉರುಳುವ ಗಾಲಿ, ನಿಂತ ಗಾಲಿ

ಹಳೆಯ ವಸ್ತುಗಳ ಮೇಲೆ ನಮಗಿರುವ ಪ್ರೀತಿ ಎರಡು ಬಗೆಯದು. ಒಂದು, ಅವನ್ನು ನೋಡುವ ಪ್ರೀತಿ. ಇನ್ನೊಂದು, ಅವನ್ನು ಬಳಸುವ ಪ್ರೀತಿ. ಮೊದಲನೆಯದಕ್ಕೆ ಗೋಡೆಯ ಮೇಲೊಂದು ಮೊಳೆ, ಅಂಗಳದಲ್ಲೊಂದು ಮೂಲೆ ಸಾಕು. ಎರಡನೆಯದಕ್ಕೆ ಆ ವಸ್ತುವನ್ನು ಬಲ್ಲ ಮನುಷ್ಯನೇ ಬೇಕು. ಈ ವ್ಯತ್ಯಾಸ ನನಗೆ ಸ್ಪಷ್ಟವಾಗಿ ತಿಳಿದದ್ದು ಒಂದು ಜೊತೆ ಗಾಲಿಗಳಿಂದ.

ಕೊಪ್ಪ ತಾಲ್ಲೂಕಿನ ಕಮ್ಮರಡಿಯ ಕಡೆಗೆ ಬರುವವರಿಗೆ ಎತ್ತಿನಗಾಡಿಯ ಗಾಲಿ ಇಂದಿಗೂ ಕಣ್ಣಿಗೆ ಬೀಳುತ್ತದೆ. ಆದರೆ ಅದು ಕಾಣುವುದು ದಾರಿಯ ಮೇಲಲ್ಲ. ಹೋಂಸ್ಟೇಗಳ ಹೆಬ್ಬಾಗಿಲ ಪಕ್ಕದಲ್ಲಿ, ವಾರ್ನಿಷ್ ಬಳಿಸಿಕೊಂಡು, ಅರ್ಧ ಮಣ್ಣಿನಲ್ಲಿ ಹೂತು, ಮೈಗೆ ವಿದ್ಯುದ್ದೀಪ ಸುತ್ತಿಕೊಂಡು ನಿಂತಿರುತ್ತದೆ. ನೋಡಲು ಚೆಲುವಾಗಿಯೇ ಇರುತ್ತದೆ. ನಮ್ಮ ಕೊಟ್ಟಿಗೆಯಲ್ಲಿದ್ದ ಕಮಾನುಗಾಡಿಯ ಗಾಲಿಗಳಿಗೂ ಅಂಥದೊಂದು ಬೇಡಿಕೆ ಬಂದಿತ್ತು. ಬಿದಿರಿನ ಕಮಾನು, ಒಳಗೆ ಹುಲ್ಲಿನ ಹಾಸು, ಅದರ ಮೇಲೊಂದು ಜಮಖಾನ. ಶೃಂಗೇರಿಗೋ ತೀರ್ಥಹಳ್ಳಿಯ ಜಾತ್ರೆಗೋ ರಾತ್ರಿಯೆಲ್ಲ ಮಲಗಿಕೊಂಡೇ ಹೋಗುತ್ತಿದ್ದ ಮನೆಯವರಿಗೆ ಆ ಗಾಡಿ ಒಂದು ಸಂಚಾರಿ ಕೋಣೆಯಾಗಿತ್ತು. ಮನೆಯಲ್ಲಿ ಚರ್ಚೆ ನಡೆದು, ಗಾಲಿಗಳನ್ನು ಕೊಡುವ ಮೊದಲು ಒಬ್ಬ ವೃದ್ಧ ಆಚಾರಿಗೆ ತೋರಿಸುವುದೆಂದು ತೀರ್ಮಾನವಾಯಿತು.

ಅವರು ಬಂದು ಗಾಲಿಯನ್ನು ಮುಟ್ಟುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: “ಮೇಷ್ಟ್ರೇ, ಇದು ಉರುಳಬೇಕೋ, ನಿಲ್ಲಬೇಕೋ?”

ನಿಲ್ಲುವುದಾದರೆ ಬಿರುಕಿಗೆ ಮೇಣ ತುಂಬಿ, ಬಣ್ಣ ಹಚ್ಚಿದರೆ ಒಂದು ದಿನದ ಕೆಲಸ. ಉರುಳುವುದಾದರೆ ಎಲ್ಲವನ್ನೂ ಬಿಚ್ಚಬೇಕು. ಉರುಳಲಿ ಎಂದೆವು.

ಗಾಲಿಯ ರಚನೆ ಸರಳವೆಂದು ತೋರುತ್ತದೆ. ನಡುವೆ ನಾಭಿ, ಅದರಿಂದ ಹೊರಟ ಅರಗಳು, ಅವುಗಳ ತುದಿಯನ್ನು ಹಿಡಿದಿರುವ ನೇಮಿ, ಎಲ್ಲಕ್ಕೂ ಹೊರಗೆ ಕಬ್ಬಿಣದ ಹಳಿ. ನಮ್ಮ ಗಾಲಿಗೆ ಹನ್ನೆರಡು ಅರಗಳು. ನೇಮಿಗೆ ಬಾಗಿದ ಮರದ ಆರು ತುಂಡುಗಳು. ಒಂದೊಂದು ತುಂಡಿಗೆ ಎರಡೆರಡು ಅರ. ಋಗ್ವೇದದ ಋಷಿಗೆ ಸಂವತ್ಸರವು ಹನ್ನೆರಡು ಅರಗಳ ಚಕ್ರವಾಗಿ ಕಂಡಿತು. ಅಂಥ ಉಪಮೆ ಹೊಳೆಯಬೇಕಾದರೆ ರಥಕಾರನ ಕೆಲಸವನ್ನು ಆ ಕವಿ ಹತ್ತಿರದಿಂದ ನೋಡಿರಬೇಕು.

ಆಚಾರಿ ಮರದ ಸುತ್ತಿಗೆಯಿಂದ ಒಂದೊಂದು ಅರವನ್ನೂ ತಟ್ಟಿ ಕಿವಿಗೊಟ್ಟರು. ಗಟ್ಟಿ ಮರ ಗಣ್ಣೆನ್ನುತ್ತದೆ. ಒಳಗೆ ಲಡ್ಡಾದದ್ದು ಮೊದ್ದು ಸದ್ದು ಕೊಡುತ್ತದೆ. ಹನ್ನೆರಡರಲ್ಲಿ ಮೂರು ಮೊದ್ದು. ನೇಮಿಯ ಒಂದು ತುಂಡು, ನೆಲಕ್ಕೆ ತಾಗಿ ಮಳೆಗಾಲಗಳನ್ನು ಕಳೆದದ್ದು, ಬೆರಳಿನಲ್ಲಿ ಪುಡಿಯಾಯಿತು. ಬಯಲುಸೀಮೆಯಲ್ಲಿ ಗಾಲಿಗೆ ಕರಿಜಾಲಿ ಹೆಸರುವಾಸಿ; ನಮ್ಮ ಮಲೆನಾಡಿನಲ್ಲಿ ಹೊನ್ನೆ, ಮತ್ತಿಗಳನ್ನು ನಂಬುತ್ತಾರೆ. ಯಾವ ಮರವೇ ಆಗಲಿ, ಹಸಿಯಾಗಿದ್ದರೆ ಕೆಲಸಕ್ಕೆ ಬಾರದು. ಹಸಿ ಮರ ಒಣಗುತ್ತ ಕುಗ್ಗಿ ಕೀಲು ಸಡಿಲಾಗುತ್ತದೆ. ಆದ್ದರಿಂದ ಅಟ್ಟದ ಮೇಲೆ ವರ್ಷಗಟ್ಟಲೆ ಹೊಗೆ ಕುಡಿದಿದ್ದ ಒಂದು ಹೊನ್ನೆಯ ತೊಲೆ ಕೆಳಗಿಳಿಯಿತು. ಒಂಬತ್ತು ಹಳೆಯ ಅರಗಳ ಜೊತೆಗೆ ಮೂರು ಹೊಸವು ಸೇರಿದವು. ಹೊಸದನ್ನು ಹಳೆಯದರ ಸವೆತಕ್ಕೆ ಸರಿಯಾಗಿ ಕೆತ್ತುವುದು ಹೊಸ ಗಾಲಿಯನ್ನೇ ಮಾಡುವುದಕ್ಕಿಂತ ಕಷ್ಟವೆಂದು ಬಾಚಿ ಹಿಡಿದ ಆ ಕೈಗಳನ್ನು ನೋಡಿದಾಗ ತಿಳಿಯಿತು.

ಬಡಗಿಯ ಕೆಲಸ ಮುಗಿಯುವಲ್ಲಿಂದ ಕಮ್ಮಾರನ ಕೆಲಸ ಆರಂಭ. ಗಾಲಿಯ ಎದೆಯೆಂದರೆ ಈ ಹಳಿ. ಮರ ಸವೆದು ಸುತ್ತಳತೆ ಕುಗ್ಗಿದ್ದರಿಂದ ಹಳೆಯ ಹಳಿ ಸಡಿಲವಾಗಿತ್ತು. ಕುಲುಮೆ ಬಿಟ್ಟು ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಯುವಕನೊಬ್ಬ ಅದನ್ನು ಕತ್ತರಿಸಿ, ಮರದ ಸುತ್ತಳತೆಗಿಂತ ಅರ್ಧ ಅಂಗುಲ ಕಡಿಮೆಯಾಗುವಂತೆ ಮತ್ತೆ ಬೆಸೆದನು. ಕಡಿಮೆ ಇದ್ದರೆ ಅದು ಗಾಲಿಯ ಮೇಲೆ ಕೂರುವುದಾದರೂ ಹೇಗೆ? ಅಂಗಳದಲ್ಲಿ ಹಳಿಯನ್ನು ಮಲಗಿಸಿ, ಅದರ ಸುತ್ತ ಬೆರಣಿ, ತೆಂಗಿನ ಚಿಪ್ಪು, ಒಣಸೌದೆ ಒಟ್ಟಿ ಬೆಂಕಿಯಿಟ್ಟರು. ನಾಲ್ಕೂವರೆ ಅಡಿ ವ್ಯಾಸದ ಗಾಲಿಗೆ ಹದಿನಾಲ್ಕು ಅಡಿ ಉದ್ದದ ಹಳಿ; ಐನೂರು ಡಿಗ್ರಿಯಷ್ಟು ಕಾದರೆ ಆ ಉದ್ದಕ್ಕೆ ಸುಮಾರು ಒಂದು ಅಂಗುಲ ಹಿಗ್ಗುತ್ತದೆ. ಶಾಲೆಯಲ್ಲಿ ಉಷ್ಣದಿಂದ ಲೋಹ ಹಿಗ್ಗುವ ಪಾಠ ಹೇಳುವವರು ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ತೋರಿಸಲಾರರು. ಇಕ್ಕಳ ಹಿಡಿದ ನಾಲ್ವರು ಕೆಂಪಗೆ ಕಾದ ಬಳೆಯನ್ನು ಎತ್ತಿ ಮರದ ಮೇಲಿಳಿಸಿದರು. ಮರ ಹೊತ್ತಿಕೊಂಡು ಹೊಗೆಯೆದ್ದಿತು. ಮರುಕ್ಷಣದಲ್ಲಿ ಕೊಡಗಟ್ಟಲೆ ನೀರು ಬಿತ್ತು.

ಆಗ ಕೇಳಿಬಂದ ಸದ್ದನ್ನು ವರ್ಣಿಸುವುದು ಕಷ್ಟ. ಹಳಿ ಕುಗ್ಗುತ್ತ ಬಂದಂತೆ ಆರು ತುಂಡುಗಳೂ ಹನ್ನೆರಡು ಅರಗಳೂ ಒಂದೊಂದಾಗಿ ತಮ್ಮ ಕೀಲುಗಳಿಗೆ ಬಿಗಿಯುತ್ತ ಟಕಟಕನೆ ನುಡಿದವು. ಅದುವರೆಗೆ ಅವು ಒಂದರ ಪಕ್ಕದಲ್ಲಿ ಒಂದು ಇದ್ದ ಮರದ ತುಂಡುಗಳು. ಆ ಗಳಿಗೆಯಿಂದ ಅವು ಗಾಲಿ. ಅಂಟಿಲ್ಲ, ತಿರುಪಿಲ್ಲ. ಗಾಲಿ ನಿಂತಿರುವುದು ಬಿಗಿತದಿಂದ. ಆ ಬಿಗಿತವನ್ನು ಮರಳಿ ತರುವುದೇ ಅದರ ಜೀರ್ಣೋದ್ಧಾರ.

ಈ ಹಂಬಲ ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ 1930ರ ದಶಕದಿಂದ ಕಾರಿನ ಹಿಂದೆ ಎಳೆದೊಯ್ಯುವ, ಕಣ್ಣೀರ ಹನಿಯ ಆಕಾರದ ಪುಟ್ಟ ಸಂಚಾರಿ ಮನೆಗಳು ಬಳಕೆಗೆ ಬಂದವು. ಒಳಗೆ ಇಬ್ಬರು ಮಲಗುವಷ್ಟು ಜಾಗ. ಹಿಂದಿನ ಮುಚ್ಚಳವನ್ನೆತ್ತಿದರೆ ಅಡುಗೆಯ ಕಟ್ಟೆ. ನಮ್ಮ ಕಮಾನುಗಾಡಿಯ ದೂರದ ದಾಯಾದಿ ಎನ್ನಬಹುದು. ಎರಡನೆಯ ಮಹಾಯುದ್ಧದ ಅನಂತರ, ಸೈನ್ಯಕ್ಕೆ ಬೇಡವಾದ ಜೀಪುಗಳ ಗಾಲಿಗಳೂ ಇವುಗಳಿಗೆ ಒದಗಿದವು. ಅಂಥ ಗಾಡಿಗಳನ್ನು ಇಂದು ಸರಿಪಡಿಸುವವರು ಗಾಲಿಯ ತುಕ್ಕು ಕೆರೆಯುತ್ತಾರೆ, ಉಕ್ಕಿನಲ್ಲಿ ಬಿರುಕು ಹುಡುಕುತ್ತಾರೆ. ಬಣ್ಣದ ಕೆಳಗೆ ಬಿರುಕು ಉಳಿದರೆ ಪ್ರದರ್ಶನಕ್ಕೆ ಅಡ್ಡಿಯಿಲ್ಲ, ಪ್ರಯಾಣಕ್ಕೆ ಅಪಾಯ. ಅಲ್ಲಿಯೂ ನಮ್ಮ ಆಚಾರಿಯ ಪ್ರಶ್ನೆಯೇ: ಉರುಳಬೇಕೋ, ನಿಲ್ಲಬೇಕೋ?

ನಿಲ್ಲಿಸುವುದೇ ಸರಿಯಾದ ಸಂದರ್ಭಗಳೂ ಉಂಟು. ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಕ್ರಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು. ಬಂದವರೆಲ್ಲ ತಿರುಗಿಸಿ ಸವೆಸಬಾರದೆಂದು ಅವನ್ನು ಗಾರೆಯಿಂದ ಬಿಗಿಯಲಾಯಿತು. ಆ ಶಿಲ್ಪವನ್ನು ಮತ್ತೆ ಕಡೆಯುವವರಿಲ್ಲ. ಆದ್ದರಿಂದ ಅದು ನಿಂತದ್ದೇ ಕ್ಷೇಮ. ಮರದ ಗಾಲಿಯ ನ್ಯಾಯ ಬೇರೆ. ಅದು ಸವೆಯಲೆಂದೇ ಹುಟ್ಟಿದ್ದು. ಸವೆದಾಗ ಸರಿಪಡಿಸುವ ಕೈ ಊರಿನಲ್ಲಿದೆ ಎಂಬ ಭರವಸೆಯ ಮೇಲೆ ಉರುಳಿದ್ದು.

ಹಾಗೆಂದು ಊರೆಲ್ಲ ಮರದ ಗಾಲಿಗೆ ಮರಳಬೇಕೆಂದು ನಾನು ವಾದಿಸಲಾರೆ. ಗಟ್ಟಿ ರಸ್ತೆಯಲ್ಲಿ ರಬ್ಬರಿನ ಟೈರು ಎತ್ತುಗಳ ಹೆಗಲಿಗೆ ದೊಡ್ಡ ಉಪಕಾರ ಮಾಡಿದೆ. ಹೊಸ ಗಾಲಿಯನ್ನು ಈ ಸೀಮೆ ಎಂದೂ ಕುತೂಹಲದಿಂದಲೇ ಕಂಡಿದೆ. ಇದೇ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೈಸಿಕಲ್ಲು ಜನರ ಬಾಯಲ್ಲಿ ‘ಬೀಸೆಕಲ್ಲು’ ಆಗಿಬಿಟ್ಟದ್ದನ್ನು ಓದಿದವರು ಮರೆಯಲಾರರು.

ನನ್ನ ಕಳವಳ ಗಾಲಿಯ ಬಗೆಗಲ್ಲ, ಕೈಯ ಬಗೆಗೆ. ಬಣ್ಣ ಬಳಿದು ನಿಲ್ಲಿಸಿದ ಗಾಲಿ ನೂರು ವರ್ಷ ಉಳಿದೀತು. ಆದರೆ ಅದು ಯಾವ ಆಚಾರಿಯನ್ನೂ ಮತ್ತೆ ಮನೆಗೆ ಕರೆಯುವುದಿಲ್ಲ, ಯಾವ ಹುಡುಗನಿಗೂ ಅರದ ಸದ್ದನ್ನು ಕೇಳಲು ಕಲಿಸುವುದಿಲ್ಲ. ಉರುಳುವ ಗಾಲಿ ಮಾತ್ರ ಕೆಲವು ವರ್ಷಗಳಿಗೊಮ್ಮೆ ಸಡಿಲಾಗುತ್ತದೆ, ಕಿರುಗುಟ್ಟುತ್ತದೆ, ಬೆಂಕಿಯನ್ನೂ ನಾಲ್ಕು ಜನರನ್ನೂ ಬೇಡುತ್ತದೆ. ಅಂದು ಬೆಂಕಿಯ ಸುತ್ತ ನಿಂತಿದ್ದ ಐವರಲ್ಲಿ ಹಳಿ ಕೂರಿಸುವುದನ್ನು ಮೊದಲೇ ಕಂಡಿದ್ದವರು ಒಬ್ಬರು. ಬೆಂಕಿ ಆರುವ ಹೊತ್ತಿಗೆ ಐವರೂ ಕಂಡಿದ್ದರು. ಊರೊಳಗಿನ ಮಣ್ಣುದಾರಿಯಲ್ಲಿ ಹುಲ್ಲು ಹೇರಿಕೊಂಡು ಆ ಗಾಡಿ ಎಷ್ಟು ದೂರ ಹೋದೀತೋ ಹೋಗಲಿ. ಅದು ಸಡಿಲಾದ ದಿನ ವೆಲ್ಡಿಂಗ್ ಅಂಗಡಿಯ ಆ ಯುವಕನಿಗೆ ಹೇಳಿಕಳುಹಿಸಬಹುದು.